ಮುಂದಿನ ವರ್ಷದ ಮಂಗಾ ಪಟ್ಟಿ: ನೀವೇ ಬರೆದುಕೊಳ್ಳುವ ಬಗೆ

ಡಿಸೆಂಬರ್ ಬಂತೆಂದರೆ ‘ಮುಂದಿನ ವರ್ಷ ಬರಲಿರುವ 20 ಮಂಗಾಗಳು’ ಎಂಬಂಥ ಪಟ್ಟಿಗಳು ಫೋನಿಗೆ ಬರತೊಡಗುತ್ತವೆ. ಮಂಗಾ ಅಂದರೆ ಜಪಾನಿನ ಚಿತ್ರಕಥೆ. ಕೆಲವು ವರ್ಷಗಳ ಹಿಂದೆ ಅಂಥದ್ದೊಂದು ಪಟ್ಟಿ ನಂಬಿ ಒಂದು ಸಂಪುಟಕ್ಕಾಗಿ ಮಾರ್ಚ್‌ನಿಂದ ಜುಲೈವರೆಗೆ ಕಾದೆ. ಪುಸ್ತಕದಂಗಡಿಗೆ ಎರಡು ಸಲ ಹೋಗಿ ಕೇಳಿದೆ. ಆಮೇಲೆ ಗೊತ್ತಾಯಿತು, ಪಟ್ಟಿಯಲ್ಲಿದ್ದದ್ದು ಜಪಾನಿ ಪುಸ್ತಕದ ದಿನಾಂಕ. ನಾನು ಓದುವ ಇಂಗ್ಲಿಷ್ ಪುಸ್ತಕದ ದಿನಾಂಕವನ್ನು ಪ್ರಕಾಶಕರು ಆಗಿನ್ನೂ ಹೇಳಿಯೇ ಇರಲಿಲ್ಲ.

ಆವತ್ತಿನಿಂದ ಬೇರೆಯವರ ಪಟ್ಟಿ ಬಿಟ್ಟೆ. ಪ್ರತಿ ವರ್ಷ ಡಿಸೆಂಬರ್ ಕೊನೆಯ ವಾರ ಒಂದು ನೋಟ್‌ಬುಕ್, ಒಂದು ಪೆನ್ನು, ಒಂದು ಪೆನ್ಸಿಲ್ ಹಿಡಿದು ಕೂರುತ್ತೇನೆ. ಎರಡು ಗಂಟೆಯ ಕೆಲಸ. ಮಂಗಾ ಪುಸ್ತಕಗಳು ಸುಮ್ನೆ ಎಲ್ಲಿಂದಲೋ ಉದುರುವುದಿಲ್ಲ. ಅವು ಬರುವುದಕ್ಕೆ ಒಂದು ನಡಿಗೆಯಿದೆ. ಆ ನಡಿಗೆ ಗೊತ್ತಾದರೆ ಮುಂದಿನ ವರ್ಷದ ಅರ್ಧ ಪಟ್ಟಿಯನ್ನು ನೀವೇ ಲೆಕ್ಕ ಹಾಕಿ ಬರೆಯಬಹುದು. ನಾನು ಹೇಗೆ ಮಾಡುತ್ತೇನೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲ ಹೆಜ್ಜೆ: ಯಾವ ಬಿಡುಗಡೆಗೆ ಕಾಯುತ್ತಿದ್ದೀರಿ?

ಸುಧಾ, ತರಂಗದಲ್ಲಿ ಧಾರಾವಾಹಿ ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ವಾರವಾರ ಒಂದು ಕಂತು. ನಮ್ಮ ಎಷ್ಟೋ ಮನೆಗಳಲ್ಲಿ ಆ ಪುಟಗಳನ್ನು ಬಿಡಿಸಿ, ಹೊಲಿದು, ರಟ್ಟು ಹಾಕಿ ಇಡುತ್ತಿದ್ದರು. ಆಮೇಲೆ ಅದೇ ಕಾದಂಬರಿ ಪುಸ್ತಕವಾಗಿಯೂ ಬರುತ್ತಿತ್ತು. ಮಂಗಾ ಕೂಡ ಹಾಗೆಯೇ. ಜಪಾನಿನಲ್ಲಿ ಅದು ಮೊದಲು ಪತ್ರಿಕೆಯಲ್ಲಿ ಕಂತಾಗಿ ಬರುತ್ತದೆ. ಶುಯೆಶಾ ಪ್ರಕಾಶನದ ಶೋನೆನ್ ಜಂಪ್ 1968ರಲ್ಲಿ ಶುರುವಾದದ್ದು. ಕೊಡಾನ್ಶಾದ ಶೋನೆನ್ ಮ್ಯಾಗಜೀನ್, ಶೋಗಾಕುಕಾನ್‌ನ ಶೋನೆನ್ ಸಂಡೇ ಎರಡೂ ಅದಕ್ಕಿಂತ ಹಳೆಯವು. 1959ರ ಮಾರ್ಚ್‌ನಲ್ಲಿ ಎರಡೂ ಒಂದೇ ದಿನ ಶುರುವಾದವು.

ಕಂತುಗಳು ಒಂದಷ್ಟು ಸೇರಿದ ಮೇಲೆ ಅಂಗೈಯಗಲದ ಪುಸ್ತಕವಾಗುತ್ತದೆ. ಅದಕ್ಕೆ ಅಲ್ಲಿ ಟ್ಯಾಂಕೋಬಾನ್ ಅಂತಾರೆ. ಆ ಪುಸ್ತಕದ ಇಂಗ್ಲಿಷ್ ಅನುವಾದ ಅಮೆರಿಕದಲ್ಲಿ ಪ್ರಕಟವಾಗುತ್ತದೆ. ಕೊನೆಗೆ ಅದು ನಮ್ಮ ಅಂಗಡಿಗೆ ಬರುತ್ತದೆ.

ಅಂದರೆ ಒಂದೇ ಕಥೆಗೆ ನಾಲ್ಕು ಬಿಡುಗಡೆ: ಪತ್ರಿಕೆಯ ಚಾಪ್ಟರ್, ಜಪಾನಿ ಸಂಪುಟ, ಇಂಗ್ಲಿಷ್ ಸಂಪುಟ, ನಮ್ಮೂರಿನ ಶೆಲ್ಫು. ಮೊದಲನೆಯದಕ್ಕೂ ಕೊನೆಯದಕ್ಕೂ ಒಂದು ವರ್ಷಕ್ಕಿಂತ ಜಾಸ್ತಿ ಅಂತರ ಇರಬಹುದು. ಒನ್ ಪೀಸ್ ಎಂಬ ಮಂಗಾದ 100ನೇ ಸಂಪುಟ ಜಪಾನಿನಲ್ಲಿ ಬಂದದ್ದು 2021ರ ಸೆಪ್ಟೆಂಬರ್‌ನಲ್ಲಿ. ಇಂಗ್ಲಿಷಿನಲ್ಲಿ ಅದು ಬಂದದ್ದು 2022ರ ಆಗಸ್ಟ್‌ನಲ್ಲಿ. ಹನ್ನೊಂದು ತಿಂಗಳ ಅಂತರ.

ಹಾಗಾಗಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನೀವು ಓದುವ ಪ್ರತಿ ಸರಣಿಯ ಹೆಸರು ಬರೆದು, ಎದುರಿಗೆ ಒಂದೇ ಮಾತು ಬರೆಯಿರಿ: ಫೋನಿನಲ್ಲೋ, ಪುಸ್ತಕದಲ್ಲೋ? ಎರಡನ್ನೂ ಬೆರೆಸಿದರೆ ಮುಂದಿನ ಲೆಕ್ಕವೆಲ್ಲ ಹಾಳು.

ಎರಡನೆಯದು: ಓಡುತ್ತಿರುವ ಸರಣಿಯ ನಡಿಗೆ ಗುರುತಿಸಿ

ನನಗೆ ತುಂಬಾ ಇಷ್ಟವಾದ ಹೆಜ್ಜೆ ಇದು. ಇಲ್ಲಿ ಯಾರನ್ನೂ ಕೇಳಬೇಕಾಗಿಲ್ಲ.

ವಾರಪತ್ರಿಕೆಯ ಒಂದು ಚಾಪ್ಟರ್ ಸುಮಾರು 19 ಪುಟ. ಒಂಬತ್ತೋ ಹತ್ತೋ ಚಾಪ್ಟರ್ ಸೇರಿದರೆ ಒಂದು ಸಂಪುಟ. ವರ್ಷದಲ್ಲಿ ಹೊಸವರ್ಷ, ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಗೋಲ್ಡನ್ ವೀಕ್, ಆಗಸ್ಟ್ ಮಧ್ಯದ ಓಬೋನ್ ಹಬ್ಬ, ಹೀಗೆ ಪತ್ರಿಕೆಗೂ ರಜೆಯ ವಾರಗಳಿವೆ. ಅವನ್ನು ಕಳೆದರೂ ಒಂದು ವಾರವನ್ನೂ ತಪ್ಪಿಸದ ಲೇಖಕರಿಗೆ ವರ್ಷಕ್ಕೆ ನಾಲ್ಕೈದು ಸಂಪುಟ ಆಗುತ್ತದೆ. ಮಾಸಪತ್ರಿಕೆಯ ಮಂಗಾದಲ್ಲಿ ಚಾಪ್ಟರ್ ಉದ್ದ, ಆದರೆ ತಿಂಗಳಿಗೆ ಒಂದೇ. ಅಲ್ಲಿ ವರ್ಷಕ್ಕೆ ಎರಡು ಸಂಪುಟ ಬಂದರೆ ಸರಿಯಾಗಿ ನಡೆಯುತ್ತಿದೆ ಅಂತಲೇ ಲೆಕ್ಕ.

ಈಗ ಒನ್ ಪೀಸ್ ತಗೊಳ್ಳಿ. 1997ರ ಜುಲೈನಲ್ಲಿ ಶೋನೆನ್ ಜಂಪ್‌ನಲ್ಲಿ ಶುರುವಾದ ಕಥೆ. ಲೇಖಕ ಎಯಿಚಿರೋ ಓಡಾ ಈಚಿನ ವರ್ಷಗಳಲ್ಲಿ ಕೆಲವು ವಾರಕ್ಕೊಮ್ಮೆ ಬಿಡುವು ತಗೊಳ್ಳುತ್ತಾರೆ. ಹಾಗಾಗಿ ಸಂಪುಟಗಳೂ ಕಡಿಮೆಯಾದವು. ಆದರೆ ಕ್ರಮ ನೋಡಿ. 105, 106, 107ನೇ ಸಂಪುಟಗಳು ಜಪಾನಿನಲ್ಲಿ 2023ರ ಮಾರ್ಚ್, ಜುಲೈ, ನವೆಂಬರ್‌ನಲ್ಲಿ ಬಂದವು. 108, 109, 110 ಬಂದದ್ದು 2024ರ ಮಾರ್ಚ್, ಜುಲೈ, ನವೆಂಬರ್‌ನಲ್ಲಿ. ನಾಲ್ಕು ತಿಂಗಳಿಗೊಂದು. ಇದನ್ನು ಒಮ್ಮೆ ಕಂಡವರು ಮುಂದಿನ ವರ್ಷದ ಮೂರು ತಿಂಗಳಲ್ಲಿ ಪೆನ್ಸಿಲ್ ಗುರುತು ಹಾಕಿಬಿಡಬಹುದು, ಅಲ್ವಾ? ಜಂಪ್‌ನ ಸಂಪುಟಗಳು ಸಾಮಾನ್ಯವಾಗಿ ತಿಂಗಳ 4ನೇ ತಾರೀಖಿನ ಆಸುಪಾಸು ಬರುತ್ತವೆ ಅನ್ನುವುದೂ ನೆನಪಿರಲಿ.

ನಿಮ್ಮ ಸರಣಿಗೂ ಹೀಗೇ ಮಾಡಿ. ಕೊನೆಯ ನಾಲ್ಕು ಸಂಪುಟಗಳ ಬಿಡುಗಡೆ ತಿಂಗಳನ್ನು ಬರೆದುಕೊಳ್ಳಿ. ನಡುವಿನ ಅಂತರ ಒಂದೇ ಇದ್ದರೆ ಮುಂದಿನದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಅಂತರ ಬೆಳೆಯುತ್ತಾ ಹೋಗಿದ್ದರೆ, ಅಂದರೆ ಮೂರು ತಿಂಗಳು, ಐದು, ಎಂಟು ಹೀಗೆ, ಬರೆಯಬೇಡಿ. ಲೇಖಕರು ದಣಿದಿರಬಹುದು. ಪತ್ರಿಕೆಯಲ್ಲಿ ಬಿಡುವುಗಳು ಹೆಚ್ಚಿರಬಹುದು.

ಇಂಗ್ಲಿಷ್ ಪುಸ್ತಕ ಓದುವವರು ಇನ್ನೊಂದು ವಿಷಯ ಗಮನಿಸಬೇಕು. ಅನುವಾದ ಜಪಾನಿಗಿಂತ ತುಂಬಾ ಹಿಂದಿದ್ದಾಗ ಪ್ರಕಾಶಕರು ಎರಡು ತಿಂಗಳಿಗೊಂದು ಸಂಪುಟ ತರುವುದುಂಟು. ಹತ್ತಿರ ಬಂದ ಮೇಲೆ ಮೂರು, ನಾಲ್ಕು ತಿಂಗಳಿಗೊಂದು ಆಗುತ್ತದೆ. ಸರಣಿ ನಿಂತುಹೋಯಿತೇನೋ ಅಂತ ಹೆದರಬೇಡಿ. ಅಲ್ಲಿ ಅಚ್ಚಾಗದೆ ಇಲ್ಲಿ ಅನುವಾದಿಸಲು ಏನೂ ಉಳಿದಿರುವುದಿಲ್ಲ, ಅಷ್ಟೇ.

ಸಂಖ್ಯೆಗಳಲ್ಲೂ ಎಡವಬಹುದು. ಕೊಡಾನ್ಶಾ ಇಂಗ್ಲಿಷಿನಲ್ಲಿ ತರುವ ವಿನ್‌ಲ್ಯಾಂಡ್ ಸಾಗಾದ ದಪ್ಪ ರಟ್ಟಿನ ಪುಸ್ತಕ ಜಪಾನಿನ ಎರಡು ಸಂಪುಟ ಸೇರಿಸಿ ಮಾಡಿದ್ದು. ಡಾರ್ಕ್ ಹಾರ್ಸ್ ಪ್ರಕಾಶನದ ಬರ್ಸರ್ಕ್ ಡಿಲಕ್ಸ್‌ನಲ್ಲಿ ಮೂರು ಸಂಪುಟ ಒಂದರಲ್ಲಿವೆ. ವಿನ್‌ಲ್ಯಾಂಡ್ ಸಾಗಾದ 20ನೇ ಸಂಪುಟ ಜಪಾನಿನಲ್ಲಿ ಬಂತು ಅಂದಾಗ ನಿಮ್ಮ ಶೆಲ್ಫಿನ 10ಕ್ಕೆ ಅದು ಹೊಂದುತ್ತದೆ. ಮೊದಲೇ ನೋಡಿಕೊಳ್ಳದಿದ್ದರೆ ನಡುವೆ ಹತ್ತು ಪುಸ್ತಕ ತಪ್ಪಿಹೋಯಿತು ಅನ್ನಿಸುತ್ತದೆ.

ಮೂರನೆಯದು: ಪೆನ್ಸಿಲ್ ಗುರುತನ್ನು ಪೆನ್ನಿಗೆ ತರುವುದು

ಪೆನ್ನಿನಲ್ಲಿ ಬರೆಯಬೇಕಾದರೆ ಪ್ರಕಾಶಕರ ಮಾತು ಬೇಕು. ಬೇರೆ ಯಾರ ಮಾತೂ ಸಾಲದು.

ಇಂಗ್ಲಿಷ್ ಮಂಗಾದ ದೊಡ್ಡ ಹೆಸರುಗಳು ಕೆಲವೇ. ವಿಜ಼್ ಮೀಡಿಯಾ 1986ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ್ದು, ಶುಯೆಶಾ ಮತ್ತು ಶೋಗಾಕುಕಾನ್ ಅದರ ಒಡೆಯರು. ಜಂಪ್, ಸಂಡೇ ಪತ್ರಿಕೆಗಳ ಕಥೆಗಳು ಹೆಚ್ಚಾಗಿ ಇಲ್ಲೇ ಬರುತ್ತವೆ. ಇದರ ಪುಸ್ತಕಗಳನ್ನು ಹಂಚುವುದು ಸೈಮನ್ ಆ್ಯಂಡ್ ಶುಸ್ಟರ್. ಕೊಡಾನ್ಶಾದ ಇಂಗ್ಲಿಷ್ ಪುಸ್ತಕಗಳನ್ನು ಪೆಂಗ್ವಿನ್ ರ‍್ಯಾಂಡಮ್ ಹೌಸ್ ಹಂಚುತ್ತದೆ. ಯೆನ್ ಪ್ರೆಸ್ ಕಡೊಕಾವಾ ಮತ್ತು ಹ್ಯಾಶೆಟ್ ಕೂಡಿ ನಡೆಸುವಂಥದ್ದು. ಹಂಚುವವರ ಹೆಸರು ನಮಗೆ ಯಾಕೆ ಅನ್ನಿಸಬಹುದು. ಬೇಕಾಗುತ್ತದೆ. ಮುಂದೆ ಬರುವ ಪುಸ್ತಕಗಳ ದಿನಾಂಕ, ಪುಟ, ಬೆಲೆ, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಎಲ್ಲವೂ ಹಂಚುವವರ ಕ್ಯಾಟಲಾಗ್‌ನಲ್ಲೂ ಸಿಗುತ್ತವೆ. ಎಷ್ಟೋ ಸಲ ಜಾಹೀರಾತಿಗಿಂತ ಮೊದಲೇ ಸಿಗುತ್ತವೆ.

ಆರೇಳು ತಿಂಗಳ ಮುಂದಿನವರೆಗೆ ಈ ಕ್ಯಾಟಲಾಗ್ ತುಂಬಿರುತ್ತದೆ. ಡಿಸೆಂಬರ್‌ನಲ್ಲಿ ಕೂತರೆ ಜೂನ್, ಜುಲೈವರೆಗೆ ಪೆನ್ನಿನಲ್ಲಿ ಬರೆಯಬಹುದು. ಅದರಾಚೆಯದು ಪೆನ್ಸಿಲ್. ಜನವರಿಯಲ್ಲೇ ಯಾರಾದರೂ ನವೆಂಬರ್ ತಿಂಗಳ ಇಂಗ್ಲಿಷ್ ಸಂಪುಟದ ದಿನಾಂಕ ಹೇಳಿದರೆ ಎಲ್ಲಿಂದ ಬಂತು ಅಂತ ಕೇಳಿ. ಕ್ಯಾಟಲಾಗ್‌ನಲ್ಲಿ ಇಲ್ಲದಿದ್ದರೆ ಅದು ಊಹೆ.

ಅಮೆರಿಕದಲ್ಲಿ ಹೊಸ ಪುಸ್ತಕಗಳು ಸಾಮಾನ್ಯವಾಗಿ ಮಂಗಳವಾರ ಬಿಡುಗಡೆಯಾಗುತ್ತವೆ. ಒಂದು ಪಟ್ಟಿಯಲ್ಲಿ ಎಲ್ಲ ಪುಸ್ತಕಕ್ಕೂ ‘31 ಡಿಸೆಂಬರ್’ ಅಂತಲೋ ‘1 ಜನವರಿ’ ಅಂತಲೋ ಇದ್ದರೆ ಅದು ಜಾಗ ತುಂಬಲು ಹಾಕಿದ ತಾರೀಖು. ಅಂಗಡಿಗಳ ಕಂಪ್ಯೂಟರಿಗೆ ಯಾವುದಾದರೂ ಒಂದು ದಿನಾಂಕ ಬೇಕೇ ಬೇಕು. ಅದಕ್ಕೆ ಹಾಗೆ ಹಾಕಿರುತ್ತಾರೆ.

ದಿನಾಂಕ ಬರೆಯುವಾಗ ಪಕ್ಕದಲ್ಲೇ ಐಎಸ್‌ಬಿಎನ್‌ನ 13 ಅಂಕೆಯನ್ನೂ ಬರೆದಿಡಿ. ಮಾಮೂಲಿ ಪುಸ್ತಕ, ದೊಡ್ಡ ಗಾತ್ರದ್ದು, ಬಾಕ್ಸ್ ಸೆಟ್, ಪ್ರತಿಯೊಂದಕ್ಕೂ ಬೇರೆ ಬೇರೆ ಸಂಖ್ಯೆ. ಅಂಗಡಿಯವರಿಗೆ ಹೆಸರು ಹೇಳಿದರೆ ಗೊಂದಲ ಆಗಬಹುದು. ಅಂಕೆ ಕೊಟ್ಟರೆ ಆಗುವುದಿಲ್ಲ.

ನಾಲ್ಕನೆಯದು: ಹೊಸ ಹೆಸರುಗಳನ್ನು ಹುಡುಕುವುದು

ಓಡುತ್ತಿರುವ ಸರಣಿಗಿಂತ ಹೊಸ ಸರಣಿಯನ್ನು ಗುರುತಿಸುವುದು ಕಷ್ಟ. ಸಂತೋಷವೂ ಇಲ್ಲೇ ಜಾಸ್ತಿ. ನಾನು ಎರಡು ದಾರಿ ಹಿಡಿಯುತ್ತೇನೆ.

ಮೊದಲ ದಾರಿ ಹಿಂದಕ್ಕೆ ನೋಡುವುದು. ಇಂಗ್ಲಿಷ್ ಪ್ರಕಾಶಕರು ಹೊಸ ಸರಣಿಗಳನ್ನು ಹೆಚ್ಚಾಗಿ ದೊಡ್ಡ ಸಮಾವೇಶಗಳಲ್ಲಿ ಪ್ರಕಟಿಸುತ್ತಾರೆ. ಜುಲೈ ಮೊದಲ ವಾರ ಲಾಸ್ ಏಂಜಲಿಸ್‌ನಲ್ಲಿ ಆ್ಯನಿಮೆ ಎಕ್ಸ್‌ಪೋ. ಅದೇ ತಿಂಗಳ ಕೊನೆಯಲ್ಲಿ ಸ್ಯಾನ್ ಡಿಯಾಗೋ ಕಾಮಿಕ್ ಕಾನ್. ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್. ಹೆಸರು ಹೇಳಿದ ದಿನದಿಂದ ಪುಸ್ತಕ ಕೈಗೆ ಬರಲು ಹಲವು ತಿಂಗಳು ಬೇಕು. ಅನುವಾದ, ಅಕ್ಷರ ಕೂರಿಸುವುದು, ಅಚ್ಚು, ಹಡಗು, ಎಲ್ಲಕ್ಕೂ ಸಮಯ ಹಿಡಿಯುತ್ತದೆ. ಹಾಗಾಗಿ ಮುಂದಿನ ವರ್ಷದ ಮೊದಲ ಆರು ತಿಂಗಳಲ್ಲಿ ಶುರುವಾಗುವ ಸರಣಿಗಳ ಹೆಸರು ಈ ವರ್ಷದ ಜುಲೈ–ಅಕ್ಟೋಬರ್ ಸುದ್ದಿಗಳಲ್ಲೇ ಬಹುಪಾಲು ಸಿಗುತ್ತದೆ. ಡಿಸೆಂಬರ್‌ನಲ್ಲಿ ಕೂತು ಆ ನಾಲ್ಕು ತಿಂಗಳ ಸುದ್ದಿಗಳನ್ನು ಒಮ್ಮೆ ತಿರುವಿಹಾಕಿ.

ಎರಡನೇ ದಾರಿ ಜಪಾನಿನ ಬಹುಮಾನಗಳು. ಯಾಕೆ ಇದನ್ನು ನಂಬುತ್ತೇನೆ ಅಂತ ಫ್ರೀರೆನ್‌ನ ಕಥೆಯಿಂದಲೇ ಹೇಳುತ್ತೇನೆ. ಯಮಾದಾ ಕನೆಹಿತೋ ಬರೆದು, ಅಬೆ ತ್ಸುಕಾಸಾ ಚಿತ್ರಿಸುವ ಈ ಮಂಗಾ ಶೋನೆನ್ ಸಂಡೇಯಲ್ಲಿ 2020ರ ಏಪ್ರಿಲ್‌ನಲ್ಲಿ ಶುರುವಾಯಿತು. 2021ರ ಮಾರ್ಚ್‌ನಲ್ಲಿ ಮಂಗಾ ತೈಶೋ ಬಹುಮಾನ ಗೆದ್ದಿತು. ಇಂಗ್ಲಿಷಿನ ಮೊದಲ ಸಂಪುಟ ಬಂದದ್ದು ಆ ವರ್ಷದ ನವೆಂಬರ್‌ನಲ್ಲಿ. ಎಲ್ಲರ ಬಾಯಲ್ಲೂ ಹೆಸರು ಓಡಾಡುವಂತೆ ಮಾಡಿದ ಆ್ಯನಿಮೆ, ಅಂದರೆ ಜಪಾನಿ ಕಾರ್ಟೂನ್ ಸರಣಿ, ಬಂದದ್ದು 2023ರ ಸೆಪ್ಟೆಂಬರ್ ಕೊನೆಗೆ. ಬಹುಮಾನದ ಪಟ್ಟಿ ನೋಡಿದ್ದವರಿಗೆ ಎರಡೂವರೆ ವರ್ಷ ಮೊದಲೇ ಈ ಹೆಸರು ಗೊತ್ತಿತ್ತು. ಗೋಲ್ಡನ್ ಕಮುಯ್ ವಿಷಯದಲ್ಲೂ ಹೀಗೇ ಆಯಿತು. 2016ರಲ್ಲಿ ಮಂಗಾ ತೈಶೋ, 2017ರ ಜೂನ್‌ನಲ್ಲಿ ಇಂಗ್ಲಿಷ್ ಸಂಪುಟ, 2018ರ ಏಪ್ರಿಲ್‌ನಲ್ಲಿ ಆ್ಯನಿಮೆ.

ಮಂಗಾ ತೈಶೋದ ಒಂದು ನಿಯಮ ನಮಗೆ ತುಂಬಾ ಅನುಕೂಲ. ಎಂಟು ಸಂಪುಟಕ್ಕಿಂತ ಜಾಸ್ತಿ ಬಂದಿರುವ ಸರಣಿಗೆ ಅಲ್ಲಿ ಜಾಗವಿಲ್ಲ. ಅಂದರೆ ಅಲ್ಲಿ ಕಾಣುವ ಹೆಸರುಗಳೆಲ್ಲ ಇನ್ನೂ ಎಳೆಯವು. ಈಗ ಶುರುಮಾಡಿದರೂ ತಡವಲ್ಲ. ಜನವರಿಯಲ್ಲಿ ಆಯ್ಕೆಗೆ ನಿಂತವರ ಹೆಸರು ಬರುತ್ತದೆ, ಮಾರ್ಚ್‌ನಲ್ಲಿ ಗೆದ್ದವರದು. ನಾನು ಗೆದ್ದದ್ದಕ್ಕಿಂತ ನಿಂತವರ ಪಟ್ಟಿಯನ್ನೇ ಹೆಚ್ಚು ನೋಡುತ್ತೇನೆ. ಹತ್ತರಲ್ಲಿ ಒಂದೆರಡು ನನಗಾಗಿಯೇ ಬರೆದಂತಿರುತ್ತವೆ.

ಇನ್ನೂ ಎಳೆಯ ಸರಣಿಗಳು ಬೇಕಾದರೆ ‘ತ್ಸುಗಿ ನಿ ಕುರು ಮಂಗಾ ತೈಶೋ’ ನೋಡಿ. ಮುಂದೆ ಹೆಸರು ಮಾಡುವ ಮಂಗಾ ಎಂದು ಅರ್ಥ. ಓದುಗರೇ ಮತ ಹಾಕುತ್ತಾರೆ. ಪುಸ್ತಕಕ್ಕೊಂದು, ವೆಬ್ ಮಂಗಾಕ್ಕೊಂದು ವಿಭಾಗ ಇದೆ. ಸ್ಪೈ ಫ್ಯಾಮಿಲಿ 2019ರಲ್ಲಿ ವೆಬ್ ವಿಭಾಗದಲ್ಲಿ ಗೆದ್ದಾಗ ಅದು ಶುರುವಾಗಿ ಇನ್ನೂ ಕೆಲವೇ ತಿಂಗಳಾಗಿತ್ತು. 2024ರಲ್ಲಿ ಪುಸ್ತಕ ವಿಭಾಗದಲ್ಲಿ ಗೆದ್ದದ್ದು ಕಾಗುರಾಬಾಚಿ. ಡಿಸೆಂಬರ್‌ನಲ್ಲಿ ಬರುವ ‘ಕೊನೋ ಮಂಗಾ ಗಾ ಸುಗೋಯಿ’ ಎಂಬ ವಾರ್ಷಿಕ ಪುಸ್ತಕವೂ ಇದೆ. ಅದರಲ್ಲಿ ಗಂಡು ಓದುಗರ ಪಟ್ಟಿ, ಹೆಣ್ಣು ಓದುಗರ ಪಟ್ಟಿ ಅಂತ ಎರಡು ಮಾಡುತ್ತಾರೆ. ಎರಡನ್ನೂ ನೋಡಿ. ಎರಡನೇ ಪಟ್ಟಿಯನ್ನು ಓದದೆ ಬಿಟ್ಟ ಗಂಡಸರು ಒಳ್ಳೊಳ್ಳೆ ಕಥೆಗಳನ್ನು ಕಳೆದುಕೊಂಡಿದ್ದಾರೆ. ನನಗೆ ಇದು ಖಂಡಿತ ಗೊತ್ತು.

ಹೆಸರು ಸಿಕ್ಕ ಕೂಡಲೇ ಕೊಳ್ಳಬೇಡಿ. ಮೊದಲ ಚಾಪ್ಟರ್ ಓದಿ ನೋಡಿ. ಶುಯೆಶಾದ ಮಂಗಾ ಪ್ಲಸ್ ಆ್ಯಪ್ 2019ರ ಜನವರಿಯಿಂದ ಇದೆ. ಅದರಲ್ಲಿ ಹೆಚ್ಚಿನ ಸರಣಿಗಳ ಮೊದಲ ಮೂರು ಮತ್ತು ಇತ್ತೀಚಿನ ಮೂರು ಚಾಪ್ಟರ್ ದುಡ್ಡಿಲ್ಲದೆ ಓದಬಹುದು. ಮೊದಲ ಮೂರು ಸಾಕು. ನಾಲ್ಕನೆಯದು ಬೇಕೇ ಬೇಕು ಅನ್ನಿಸಿದರೆ ಪಟ್ಟಿಗೆ ಸೇರಿಸಿ. ಮಕ್ಕಳಿಗೆ ಕೊಡಿಸುವವರು ಹಿಂಬದಿಯ ವಯಸ್ಸಿನ ಗುರುತು ನೋಡಿ. ಎಲ್ಲ ವಯಸ್ಸಿನವರಿಗೆ, ಹದಿಹರೆಯದವರಿಗೆ, ಸ್ವಲ್ಪ ದೊಡ್ಡವರಿಗೆ, ಪ್ರಾಪ್ತ ವಯಸ್ಕರಿಗೆ ಅಂತ ವಿಜ಼್ ಬೇರೆ ಬೇರೆ ಗುರುತು ಹಾಕುತ್ತದೆ. ಮುಖಪುಟದಲ್ಲಿ ಪುಟ್ಟ ಹುಡುಗನ ಚಿತ್ರ ಇದ್ದ ಮಾತ್ರಕ್ಕೆ ಅದು ಮಕ್ಕಳ ಪುಸ್ತಕ ಆಗುವುದಿಲ್ಲ.

ಐದನೆಯದು: ದಿನಾಂಕ ಬರೆಯಬಾರದ ಹೆಸರುಗಳು

ನೋಟ್‌ಬುಕ್ಕಿನ ಕೊನೆಯ ಪುಟ ಇವಕ್ಕೆ. ಹಂಟರ್ ಹಂಟರ್ 1998ರಲ್ಲಿ ಶುರುವಾದದ್ದು. ಲೇಖಕ ತೊಗಾಶಿ ಯೋಶಿಹಿರೋ ಅವರಿಗೆ ಬೆನ್ನುನೋವಿನ ತೊಂದರೆ ಬಹಳ ಇದೆ. 2018ರ ನವೆಂಬರ್‌ನಲ್ಲಿ ನಿಂತ ಕಥೆ ಮತ್ತೆ ಬಂದದ್ದು 2022ರ ಅಕ್ಟೋಬರ್‌ನಲ್ಲಿ. 37ನೇ ಸಂಪುಟ 2022ರ ನವೆಂಬರ್‌ನಲ್ಲಿ, 38ನೆಯದು 2024ರ ಸೆಪ್ಟೆಂಬರ್‌ನಲ್ಲಿ. ಯೊತ್ಸುಬಾ ಎಂಬ ಪುಟ್ಟ ಹುಡುಗಿಯ ಮಂಗಾದ 14ನೇ ಸಂಪುಟ ಜಪಾನಿನಲ್ಲಿ ಬಂದದ್ದು 2018ರಲ್ಲಿ, 15ನೆಯದು 2021ರಲ್ಲಿ. ವಾಗಬಾಂಡ್ 2015ರಿಂದ ನಿಂತೇ ಇದೆ.

ಇಂಥ ಸರಣಿಗಳ ಬಗ್ಗೆಯೇ ಪ್ರತಿ ವರ್ಷ ಅತಿ ಹೆಚ್ಚು ಸುಳ್ಳು ದಿನಾಂಕ ಹುಟ್ಟುತ್ತದೆ. ಆಸೆ ಜಾಸ್ತಿ ಇದ್ದಲ್ಲಿ ಸುಳ್ಳು ಬೇಗ ಹಬ್ಬುತ್ತದೆ. ‘ಈ ವರ್ಷ ಖಂಡಿತ’ ಅಂತ ಬರೆದವರ ಮಾತು ಕೇಳಿ ಲೇಖಕರಿಗೆ ಕೆಟ್ಟದಾಗಿ ಸಂದೇಶ ಕಳಿಸುವವರನ್ನು ನೋಡಿ ನನಗೆ ಬೇಸರವಾಗುತ್ತದೆ. ವಾರಕ್ಕೆ 19 ಪುಟ ಚಿತ್ರ ಬಿಡಿಸುವುದು ಎಂಥ ಕೆಲಸ ಅಂತ ಒಂದು ಕ್ಷಣ ಯೋಚಿಸಿ. ಬರ್ಸರ್ಕ್‌ನ ಮಿಯುರಾ ಕೆಂತಾರೋ 2021ರ ಮೇ ತಿಂಗಳಲ್ಲಿ 54ನೇ ವಯಸ್ಸಿಗೇ ತೀರಿಕೊಂಡರು. ಅವರ ಗೆಳೆಯ ಮೋರಿ ಕೋಜಿ, ಮಿಯುರಾ ತನಗೆ ಹೇಳಿದ್ದ ಕಥೆಯನ್ನು ನೆನಪಿಟ್ಟುಕೊಂಡು, ಮಿಯುರಾ ಅವರ ಸಹಾಯಕರ ಜೊತೆ 2022ರ ಜೂನ್‌ನಿಂದ ಅದನ್ನು ಮುಂದುವರಿಸಿದ್ದಾರೆ. ಆ ಪುಟಗಳಿಗೆ ದಿನಾಂಕ ಕೇಳಲು ನನಗೆ ಮನಸ್ಸು ಬರುವುದಿಲ್ಲ. ಬಂದಾಗ ಓದುತ್ತೇನೆ.

ಮುಗಿದ ಸರಣಿಗಳ ವಿಷಯ ಬೇರೆ. ಮೈ ಹೀರೋ ಅಕಾಡೆಮಿಯಾ 2024ರ ಆಗಸ್ಟ್‌ನಲ್ಲಿ, ಜುಜುತ್ಸು ಕೈಸೆನ್ 2024ರ ಸೆಪ್ಟೆಂಬರ್ 30ಕ್ಕೆ ಪತ್ರಿಕೆಯಲ್ಲಿ ಮುಗಿದವು. ಎರಡರ ಕೊನೆಯ ಸಂಪುಟವೂ ಜಪಾನಿನಲ್ಲಿ ಆ ಡಿಸೆಂಬರ್‌ನಲ್ಲೇ ಬಂತು. ಇಂಗ್ಲಿಷ್ ಪುಸ್ತಕಗಳು ಅವುಗಳ ಹಿಂದೆ ಬರುತ್ತಾ ಹೋದವು. ಮುಗಿದ ಕಥೆಯ ಉಳಿದ ಸಂಪುಟಗಳ ಲೆಕ್ಕವೇ ಎಲ್ಲಕ್ಕಿಂತ ಸುಲಭ, ಏಕೆಂದರೆ ಲೇಖಕರ ಬಿಡುವು ಅಲ್ಲಿ ಅಡ್ಡ ಬರುವುದಿಲ್ಲ. ಸರಣಿ ಮುಗಿದ ಮೇಲೆ ಬಾಕ್ಸ್ ಸೆಟ್ ಬರುವುದೂ ಉಂಟು. ಇನ್ನೂ ಶುರುಮಾಡಿಲ್ಲದಿದ್ದರೆ ಸ್ವಲ್ಪ ತಡೆಯಿರಿ, ದುಡ್ಡು ಉಳಿಯಬಹುದು.

ಆರನೆಯದು: ಫೋನಿನಲ್ಲಿ ಓದುವವರ ಗಡಿಯಾರ

ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಜಂಪ್‌ನ ಹೊಸ ಚಾಪ್ಟರ್ ಅಲ್ಲಿ ಸೋಮವಾರ ಶುರುವಾಗುವ ನಡುರಾತ್ರಿ ಬರುತ್ತದೆ. ಅಂದರೆ ನಮಗೆ ಭಾನುವಾರ ರಾತ್ರಿ ಎಂಟೂವರೆ. ಮಂಗಾ ಪ್ಲಸ್‌ನಲ್ಲೂ, ವಿಜ಼್‌ನ ಶೋನೆನ್ ಜಂಪ್ ಆ್ಯಪ್‌ನಲ್ಲೂ ಆಗಲೇ ಇಂಗ್ಲಿಷಿನಲ್ಲಿ ಸಿಗುತ್ತದೆ. ಭಾರತದಲ್ಲಿ ಎರಡೂ ನಡೆಯುತ್ತವೆ. ಹೊಸ ಚಾಪ್ಟರ್ ಉಚಿತ. ಹಳೆಯದನ್ನೆಲ್ಲ ಓದಬೇಕಾದರೆ ಚಂದಾ ಕಟ್ಟಬೇಕು. ಒಂದು ಕಾಫಿ ತಿಂಡಿಯ ದುಡ್ಡಿಗೆ ಒಂದು ತಿಂಗಳು ಓದಬಹುದು.

ಗುರುವಾರ, ಶುಕ್ರವಾರಕ್ಕೇ ಕದ್ದ ಪುಟಗಳು ಹರಿದಾಡುತ್ತವೆ ಅಂತ ನಿಮಗೂ ಗೊತ್ತು. ಅರ್ಧಂಬರ್ಧ ಅನುವಾದ, ಮಸುಕು ಚಿತ್ರ. ಒಳ್ಳೆಯ ಕಥೆಯ ತಿರುವನ್ನು ಅಂಥ ಚಿತ್ರದಲ್ಲಿ ಮೊದಲ ಸಲ ನೋಡಿದರೆ ಮತ್ತೆ ಆ ಮೊದಲ ಸಲ ಬರುವುದಿಲ್ಲ. ಬುಧವಾರವೇ ಸರಣಿಯ ಹೆಸರು, ಪಾತ್ರಗಳ ಹೆಸರುಗಳನ್ನು ನಿಮ್ಮ ಸೋಶಿಯಲ್ ಮೀಡಿಯಾದಲ್ಲಿ ಮ್ಯೂಟ್ ಮಾಡಿ. ಸೋಮವಾರ ತೆಗೆಯಿರಿ.

ದುಬೈಯಲ್ಲಿರುವವರಿಗೆ ಇದು ಸಂಜೆ ಏಳು ಗಂಟೆ, ಸಿಂಗಪುರದಲ್ಲಿ ರಾತ್ರಿ ಹನ್ನೊಂದು. ಊರಿನ ಗೆಳೆಯರ ಜೊತೆ ಒಟ್ಟಿಗೆ ಓದುವ ಅಭ್ಯಾಸ ಇದ್ದರೆ ಈ ಲೆಕ್ಕ ಬೇಕಾಗುತ್ತದೆ.

ಏಳನೆಯದು: ದುಡ್ಡು, ಅಂಗಡಿ, ನಕಲಿ ಪುಸ್ತಕ

ಮಾಮೂಲಿ ಗಾತ್ರದ ಒಂದು ಸಂಪುಟಕ್ಕೆ ನಾನು 550 ರೂಪಾಯಿ ಅಂತ ಲೆಕ್ಕ ಹಿಡಿಯುತ್ತೇನೆ. ಕೆಲವು ಕಡಿಮೆಗೆ ಸಿಗುತ್ತವೆ, ಕೆಲವು ಜಾಸ್ತಿ. ನಾಲ್ಕು ಸರಣಿ, ಒಂದೊಂದಕ್ಕೆ ವರ್ಷಕ್ಕೆ ಮೂರು ಸಂಪುಟ. ಹನ್ನೆರಡು ಪುಸ್ತಕ, 6,600 ರೂಪಾಯಿ. ಹೊಸ ಸರಣಿಯೊಂದನ್ನು ಸೇರಿಸುವ ಮೊದಲು ಈ ಮೊತ್ತದ ಎದುರು ಕೂತು ಯೋಚಿಸಿ. ನಾವು ನಾಲ್ವರು ಗೆಳೆಯರು ಸರಣಿಗಳನ್ನು ಹಂಚಿಕೊಂಡಿದ್ದೇವೆ. ಒಬ್ಬರು ಕೊಂಡದ್ದನ್ನು ಉಳಿದವರು ಓದುತ್ತೇವೆ. ಪುಸ್ತಕದ ಬೆನ್ನು ಮುರಿಯಬಾರದು, ಊಟದ ತಟ್ಟೆಯ ಪಕ್ಕ ಇಡಬಾರದು ಎಂಬ ಎರಡೇ ಷರತ್ತು.

ಶುರುಮಾಡುವ ಮುನ್ನ ನಡುವಿನ ಸಂಪುಟಗಳು ಸಿಗುತ್ತವೆಯೇ ನೋಡಿ. 1ನೆಯದು ಯಾವಾಗಲೂ ಸಿಗುತ್ತದೆ, ಹೊಸದೂ ಸಿಗುತ್ತದೆ. 7, 8, 9 ಇರುವುದಿಲ್ಲ. ಮರುಮುದ್ರಣಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಆ್ಯನಿಮೆ ಬಂದಾಗಲಂತೂ ಇದು ಇನ್ನೂ ಕಷ್ಟ. ಡೀಮನ್ ಸ್ಲೇಯರ್ ಆ್ಯನಿಮೆ 2019ರಲ್ಲಿ ಬಂದ ಮೇಲೆ ಜಪಾನಿನ ಅಂಗಡಿಗಳಲ್ಲೇ ಆ ಪುಸ್ತಕ ಸಿಗುತ್ತಿರಲಿಲ್ಲ. ನಿಮ್ಮ ಪಟ್ಟಿಯ ಯಾವುದಾದರೂ ಸರಣಿಗೆ ಮುಂದಿನ ವರ್ಷ ಆ್ಯನಿಮೆ ಬರುತ್ತದೆ ಅಂತ ಗೊತ್ತಾದರೆ, ಬೇಕಾದ ಸಂಪುಟಗಳನ್ನು ಅದಕ್ಕಿಂತ ಎರಡು ತಿಂಗಳು ಮೊದಲೇ ತಗೊಳ್ಳಿ.

ಬೆಂಗಳೂರಿನಲ್ಲಿದ್ದರೆ ಚರ್ಚ್ ಸ್ಟ್ರೀಟ್‌ಗೆ ಹೋಗಿ. ಬ್ಲಾಸಮ್, ಬುಕ್‌ವರ್ಮ್ ಪುಸ್ತಕದಂಗಡಿಗಳು ಎರಡೂ ಅಲ್ಲೇ ಇವೆ. ಹಳೆಯ ಪ್ರತಿಗಳೂ ಸಿಗುತ್ತವೆ. ಯಾರೋ ಓದಿ ಮಾರಿದ ಸಂಪುಟಗಳಲ್ಲಿ ನಿಮಗೆ ಬೇಕಾದ 8ನೆಯದೇ ಇರಬಹುದು. ಬೆಂಗಳೂರು ಕಾಮಿಕ್ ಕಾನ್‌ನಲ್ಲೂ ಪುಸ್ತಕದ ಮಳಿಗೆಗಳು ಇರುತ್ತವೆ. ಬೇರೆ ಊರುಗಳಲ್ಲಿ ಇರುವವರಿಗೆ ಆನ್‌ಲೈನ್ ಪ್ರಿ-ಆರ್ಡರ್ ಸುಲಭ. ಅಮೆರಿಕದ ದಿನಾಂಕಕ್ಕೆ ಕೆಲವು ವಾರ ಸೇರಿಸಿ ಕಾಯಿರಿ. ದುಬೈ, ಸಿಂಗಪುರದಿಂದ ಅಣ್ಣನೋ ಅಕ್ಕನೋ ಬರುವವರಿದ್ದರೆ ಅಲ್ಲಿನ ಕಿನೊಕುನಿಯಾ ಪುಸ್ತಕದಂಗಡಿಗೆ ಹೋಗಲು ಹೇಳಿ. ಕೊಡುವುದು ಹೆಸರಲ್ಲ, ಐಎಸ್‌ಬಿಎನ್. ಮಂಗಾ ಓದದ ಅಕ್ಕ ಹೆಸರು ನೋಡಿ ತಂದ ಪುಸ್ತಕ ಬೇರೆಯೇ ಆಗಿರಬಹುದು.

ನಕಲಿಯ ಬಗ್ಗೆ ಎರಡು ಮಾತು. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರರಿಂದ ಅರ್ಧ ಬೆಲೆಗೆ ಐದು ಸಂಪುಟ ತರಿಸಿದ್ದೆ. ಕಪ್ಪು ಬಣ್ಣ ಬೂದಿಯಂತಿತ್ತು, ಚಿತ್ರದ ಸಣ್ಣ ಚುಕ್ಕಿಗಳು ಕಲೆಯಾಗಿ ಕೂತಿದ್ದವು. ಎರಡು ಪುಟ ಹಿಂದುಮುಂದು. ಶೆಲ್ಫಿನಲ್ಲಿ ನಿಲ್ಲಿಸಿದರೆ ಬೆನ್ನಿನ ಅಕ್ಷರಗಳು ಒಂದೇ ಸಾಲಿಗೆ ಬರಲಿಲ್ಲ. ಲೇಖಕರಿಗೆ ಒಂದು ಪೈಸೆಯೂ ಹೋಗದ ಪುಸ್ತಕ ಅದು. ಬೆಲೆ ತೀರಾ ಕಡಿಮೆ ಇದ್ದರೆ, ಅದರಲ್ಲೂ ಇಡೀ ಸೆಟ್ ಅಂತ ಮಾರುತ್ತಿದ್ದರೆ, ಒಳಪುಟದ ಫೋಟೋ ಕೇಳಿ. ಕೊಡದಿದ್ದರೆ ಬಿಡಿ.

ಎಂಟನೆಯದು: ಪುಟ ಹೀಗಿರಲಿ

ಎರಡು ಎದುರುಬದುರು ಪುಟ. ಹನ್ನೆರಡು ಅಡ್ಡಗೆರೆ, ತಿಂಗಳಿಗೊಂದು. ಪ್ರತಿ ಗೆರೆಯಲ್ಲಿ ಹೆಸರು, ಸಂಪುಟ ಸಂಖ್ಯೆ, ಐಎಸ್‌ಬಿಎನ್, ಬೆಲೆ. ಕ್ಯಾಟಲಾಗ್‌ನಲ್ಲಿ ಕಂಡದ್ದು ಪೆನ್ನಿನಲ್ಲಿ, ನೀವು ಲೆಕ್ಕ ಹಾಕಿದ್ದು ಪೆನ್ಸಿಲ್‌ನಲ್ಲಿ. ಫೋನಿನ ಕ್ಯಾಲೆಂಡರಿನಲ್ಲಿ ಮಾಡುವವರು ಎರಡು ಬಣ್ಣ ಇಟ್ಟುಕೊಳ್ಳಿ.

ವರ್ಷಕ್ಕೆ ನಾಲ್ಕು ಸಲ ಇದನ್ನು ತೆಗೆದು ನೋಡಬೇಕು. ಮಾರ್ಚ್ ಕೊನೆಗೆ, ಮಂಗಾ ತೈಶೋ ಗೊತ್ತಾದ ಮೇಲೆ. ಜುಲೈ ಕೊನೆಗೆ, ಅಮೆರಿಕದ ಸಮಾವೇಶಗಳು ಮುಗಿದ ಮೇಲೆ. ಅಕ್ಟೋಬರ್ ಕೊನೆಗೆ, ನ್ಯೂಯಾರ್ಕ್ ಆದ ಮೇಲೆ. ಡಿಸೆಂಬರ್‌ನಲ್ಲಿ, ಹೊಸ ಪುಟ ಶುರುಮಾಡಲು. ಪ್ರತಿ ಸಲ ಎರಡೇ ಕೆಲಸ. ದಿನಾಂಕ ಸಿಕ್ಕ ಪೆನ್ಸಿಲ್ ಬರಹವನ್ನು ಪೆನ್ನಿನಲ್ಲಿ ತಿದ್ದುವುದು, ಮುಂದಕ್ಕೆ ಹೋದದ್ದನ್ನು ಅಳಿಸಿ ಹೊಸ ತಿಂಗಳಿಗೆ ಬರೆಯುವುದು. ಮೂರು ಸಲ ಮುಂದಕ್ಕೆ ಹೋದ ಹೆಸರನ್ನು ಕೊನೆಯ ಪುಟಕ್ಕೆ ಕಳಿಸಿ, ಹಂಟರ್ ಹಂಟರ್‌ನ ಪಕ್ಕ.